ಎಚ್‌ಟಿಟಿಪಿಎಫ್‌ಎಸ್ ಓಡುತ್ತಿದೆ, ಫೈಲ್ ಮಾತ್ರ ಸಿಗುತ್ತಿಲ್ಲ

ಹಲವು ಮಷಿನ್‌ಗಳಲ್ಲಿ ಡೇಟಾ ಇಡುವ ಹ್ಯಾಡೂಪ್ ಮುಂದೆ ಎಚ್‌ಟಿಟಿಪಿಎಫ್‌ಎಸ್ ಪ್ರಾಕ್ಸಿ (ಎಚ್‌ಟಿಟಿಪಿ ಮೂಲಕ ಅದರ ಫೈಲ್‌ಗಳನ್ನು ತಲುಪಿಸುವ ಮಧ್ಯವರ್ತಿ) ಹಾಕಿದ್ದೀರಿ, ಸರ್ವಿಸ್ ಶುರುವಾಗಿದೆ, 14000 ಪೋರ್ಟ್ ಉತ್ತರ ಕೊಡುತ್ತಿದೆ, ಆದರೂ ಫೋಲ್ಡರ್ ಪಟ್ಟಿ ಕೇಳಿದರೆ ಈ ಯೂಸರ್‌ಗೆ ಇನ್ನೊಬ್ಬರ ಹೆಸರಲ್ಲಿ ಕೆಲಸ ಮಾಡುವ ಅನುಮತಿ ಇಲ್ಲ ಅಂತ ಎರರ್ ಬರುತ್ತದೆ. ಸುಮ್ನೆ ಫೈರ್‌ವಾಲ್ ಕೆದಕಬೇಡಿ. ಈ ಮಾತು ಹೇಳುತ್ತಿರುವುದು ನೇಮ್‌ನೋಡ್, ಅಂದರೆ ಯಾವ ಫೈಲ್ ಎಲ್ಲಿದೆ ಅಂತ ಲೆಕ್ಕ ಇಡುವ ಹ್ಯಾಡೂಪ್ ಸರ್ವರ್. ಅಂದರೆ ರಿಕ್ವೆಸ್ಟ್ ಅಲ್ಲಿವರೆಗೂ ತಲುಪಿದೆ ಅಲ್ವಾ?

ನೇಮ್‌ನೋಡ್ ಮಷಿನ್‌ನಲ್ಲಿರುವ ಕೋರ್-ಸೈಟ್ ಎಂಬ ಸೆಟ್ಟಿಂಗ್ ಫೈಲ್ ತೆರೆಯಿರಿ. ಅಲ್ಲಿ ಪ್ರಾಕ್ಸಿಯೂಸರ್‌ನ (ಇನ್ನೊಬ್ಬರ ಹೆಸರಲ್ಲಿ ಕೆಲಸ ಮಾಡುವ ಯೂಸರ್‌ನ) ಎರಡು ಸೆಟ್ಟಿಂಗ್ ಬೇಕು, ಒಂದು ಹೋಸ್ಟ್ಸ್ (ಯಾವ ಮಷಿನ್‌ನಿಂದ), ಇನ್ನೊಂದು ಗ್ರೂಪ್ಸ್ (ಯಾವ ಗುಂಪಿನವರ ಹೆಸರಲ್ಲಿ). ಕರ್ಬರೋಸ್ (ಯೂಸರ್ ಗುರುತು ಖಚಿತಪಡಿಸುವ ಭದ್ರತಾ ವ್ಯವಸ್ಥೆ) ಇಲ್ಲದ ಕಡೆ, ಪ್ರಾಕ್ಸಿ ಯಾವ ಲಿನಕ್ಸ್ ಯೂಸರ್ ಆಗಿ ಓಡುತ್ತಿದೆಯೋ ಅದೇ ಹೆಸರು ಎರಡೂ ಸೆಟ್ಟಿಂಗ್‌ಗಳ ಹೆಸರಿನೊಳಗೆ ಇರಬೇಕು. ಎಷ್ಟೋ ಜನ ಎರಡಕ್ಕೂ ಬೆಲೆಯಾಗಿ ನಕ್ಷತ್ರ ಚಿಹ್ನೆ (ಯಾವುದಾದರೂ ಸರಿ ಅಂತ ಅರ್ಥ) ಹಾಕಿ ಬಿಟ್ಟುಬಿಡುತ್ತಾರೆ. ಪರೀಕ್ಷೆಗಾದರೆ ಸರಿ, ನಿಜವಾದ ಡೇಟಾ ಇರುವಲ್ಲಿ ಖಂಡಿತ ಬೇಡ, ಹೋಸ್ಟ್ಸ್‌ನಲ್ಲಿ ಪ್ರಾಕ್ಸಿಯ ಹೋಸ್ಟ್ ಹೆಸರನ್ನೇ ಬರೆಯಿರಿ. ಬದಲಾಯಿಸಿದ ಮೇಲೆ ನೇಮ್‌ನೋಡ್ ರೀಸ್ಟಾರ್ಟ್ ಬೇಕಿಲ್ಲ, ಹ್ಯಾಡೂಪ್‌ನ ನಿರ್ವಹಣಾ ಟೂಲ್ ಡಿಎಫ್‌ಎಸ್‌ಅಡ್ಮಿನ್‌ನಲ್ಲಿ ಸೂಪರ್‌ಯೂಸರ್ ಗ್ರೂಪ್ಸ್ ರಿಫ್ರೆಶ್ ಮಾಡುವ ಕಮಾಂಡ್ ಇದೆ, ಅಷ್ಟು ಸಾಕು.

ಓದುವುದು ಸರಿಹೋಗಿ, ಅಪ್‌ಲೋಡ್ ಮಾಡುವಾಗ 400 (ರಿಕ್ವೆಸ್ಟ್ ತಪ್ಪಾಗಿದೆ ಎಂಬ ಎರರ್) ಬಂದರೆ ಕಂಟೆಂಟ್-ಟೈಪ್, ಅಂದರೆ ಕಳಿಸುತ್ತಿರುವ ಡೇಟಾ ಯಾವ ಬಗೆಯದು ಅಂತ ಹೇಳುವ ಹೆಡರ್ ನೋಡಿ. ಅದು ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್ ಆಗಿರಲೇಬೇಕು. ರಿಕ್ವೆಸ್ಟ್ ಕಳಿಸುವ ಕಮಾಂಡ್ ಕರ್ಲ್ ತಾನಾಗಿ ಅದನ್ನು ಕಳಿಸುವುದಿಲ್ಲ, ನೀವೇ ಹೆಡರ್‌ನಲ್ಲಿ ಹೇಳಬೇಕು.