ಥಿಯೊಬಾಲ್ಡ್ ಬೋಮ್‌ನ ಕೊಳಲು ಮತ್ತು ಅದಕ್ಕೂ ಮುಂಚಿನ ನಾದ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕೊಳಲಿನ ಚರಿತ್ರೆಯನ್ನು ಸಾಮಾನ್ಯವಾಗಿ ಅರೆಕೊರೆಯ ವಾದ್ಯವೊಂದು ಹಂತಹಂತವಾಗಿ ಪರಿಪೂರ್ಣವಾದ ಕಥೆಯಂತೆ ಹೇಳಲಾಗುತ್ತದೆ. ಈ ಸಂಗೀತವನ್ನು ಬಹುಕಾಲದಿಂದ ಕೇಳುತ್ತ ಬಂದಿರುವ ನನಗೆ ಆ ಕಥೆ ಪೂರ್ತಿ ಒಪ್ಪಿಗೆಯಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಳಲು ಗಳಿಸಿದ್ದು ಬಹಳವೇ ಸರಿ. ಆದರೆ ಅದಕ್ಕಾಗಿ ಬಿಟ್ಟುಕೊಟ್ಟದ್ದೂ ಕಿವಿಗೆ ಸ್ಪಷ್ಟವಾಗಿ ತಿಳಿಯುವಂಥದ್ದೇ.

ಹದಿನೆಂಟನೆಯ ಶತಮಾನದ ಮೊದಲರ್ಧದ, ಅಂದರೆ ಸಂಗೀತ ರಚನಕಾರ ಬಾಖ್ ಮತ್ತು ಕೊಳಲುವಾದಕ ಕ್ವಾಂಟ್ಸ್ ಅವರ ಕಾಲದ ಕೊಳಲು ಬಹುಮಟ್ಟಿಗೆ ಮರದ್ದು. ಅದಕ್ಕೆ ಆರು ಬೆರಳುರಂಧ್ರಗಳು, ಬಲಗೈಯ ಕಿರುಬೆರಳಿಗೆ ಒಂದೇ ಒಂದು ಕೀಲಿ, ಅಂದರೆ ರಂಧ್ರವೊಂದನ್ನು ತೆರೆದು ಮುಚ್ಚುವ ಲೋಹದ ಸನ್ನೆ. ಬೆರಳುಗಳನ್ನು ಒಂದೊಂದಾಗಿ ಎತ್ತುತ್ತ ಹೋದರೆ ಡಿ ಮೇಜರ್ ಶ್ರೇಣಿ ಸಲೀಸಾಗಿ ಬರುತ್ತದೆ. ಎಫ್ ಅಥವಾ ಬಿ ಫ್ಲ್ಯಾಟ್‌ನಂಥ ಹೊರಗಿನ ಸ್ವರಗಳಿಗೆ ಮಾತ್ರ ಒಂದು ರಂಧ್ರವನ್ನು ತೆರೆದು ಅದರ ಕೆಳಗಿನದನ್ನು ಮುಚ್ಚುವ ಉಪಾಯ ಹೂಡಬೇಕಾಗುತ್ತದೆ. ಹಾಗೆ ಹೊರಡಿಸಿದ ಸ್ವರ ತೆಳುಪರದೆಯ ಹಿಂದಿನಿಂದ ಬಂದಂತೆ ಮಂಕಾಗಿರುತ್ತದೆ. ಇದು ದೋಷವೆಂದೇ ಪ್ರಸಿದ್ಧ. ಆದರೆ ಸಂಗೀತ ಒಂದು ಶ್ರುತಿಕೇಂದ್ರದಿಂದ ಇನ್ನೊಂದಕ್ಕೆ ಸರಿದಾಗ ನಾದದ ಬಣ್ಣವೂ ತಾನಾಗಿಯೇ ಬದಲಾಗುವುದು ಈ ಅಸಮತೆಯಿಂದಲೇ. ಪ್ರಷ್ಯಾದ ಫ್ರೆಡ್ರಿಕ್ ದೊರೆಗೆ ಕೊಳಲು ಕಲಿಸಿದ ಕ್ವಾಂಟ್ಸ್, ಇಂದು ಒಂದೇ ಸ್ವರವೆಂದು ಎಣಿಸುವ ಡಿ ಶಾರ್ಪ್‌ಗೂ ಇ ಫ್ಲ್ಯಾಟ್‌ಗೂ ಬೇರೆ ಬೇರೆ ಕೀಲಿ ಇರಬೇಕೆಂದು ವಾದಿಸಿದವನು. 1752ರಲ್ಲಿ ಪ್ರಕಟವಾದ ಅವನ ಗ್ರಂಥವನ್ನು ವಾದಕರು ಇಂದಿಗೂ ಓದುತ್ತಾರೆ.

ಮೊಜಾರ್ಟ್ 1778ರಲ್ಲಿ ತಂದೆಗೆ ಬರೆದ ಪತ್ರದಲ್ಲಿ, ತನಗೆ ಸಹಿಸಲಾಗದ ವಾದ್ಯಕ್ಕಾಗಿ ರಚಿಸುತ್ತಲೇ ಇರಬೇಕಾದಾಗ ಕೈಯೇ ಓಡುವುದಿಲ್ಲ ಎಂದು ಗೊಣಗಿದ್ದು ಪ್ರಸಿದ್ಧ. ಆ ಸಹಿಸಲಾಗದ ವಾದ್ಯ ಕೊಳಲು. ಒಪ್ಪಿಕೊಂಡ ಕೆಲಸ ಮುಗಿಯದೆ ತಡವಾದದ್ದಕ್ಕೆ ಕೊಟ್ಟ ನೆಪವೂ ಅದಿರಬಹುದು. ಓಬೊ ಎಂಬ ಊದುವಾದ್ಯಕ್ಕಾಗಿ ಸಿ ಮೇಜರ್‌ನಲ್ಲಿ ಬರೆದಿದ್ದ ಕಂಚೆರ್ಟೊವನ್ನು (ಒಂಟಿ ವಾದ್ಯವೂ ವಾದ್ಯವೃಂದವೂ ಸೇರಿ ನುಡಿಸುವ ಕೃತಿಯನ್ನು) ಕೊಳಲಿಗೆ ಹೊಂದಿಸುವಾಗ ಅವನು ಅದನ್ನು ಡಿ ಮೇಜರ್‌ಗೆ ಏರಿಸಿದ. ಕೊಳಲಿನ ಬೆರಳುಗಳಿಗೆ ಎಲ್ಲಿ ಹಿತವೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮ್ಯೂನಿಕ್‌ನ ಥಿಯೊಬಾಲ್ಡ್ ಬೋಮ್ ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿ ಆ ಕಸುಬನ್ನೂ ಕಲಿತವನು, ಆಸ್ಥಾನ ವಾದ್ಯವೃಂದದ ಕೊಳಲುವಾದಕ. 1831ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ನಿಕೋಲ್ಸನ್ ದೊಡ್ಡ ರಂಧ್ರಗಳ ಕೊಳಲಿನಿಂದ ಹೊರಡಿಸುತ್ತಿದ್ದ ತುಂಬುನಾದವನ್ನು ಕೇಳಿದ ಮೇಲೆ ಅವನು ತನ್ನ ವಾದ್ಯವನ್ನು ಬುಡದಿಂದಲೇ ಮತ್ತೆ ಯೋಚಿಸಲು ತೊಡಗಿದ. ಅಲ್ಲಿಯವರೆಗೆ ರಂಧ್ರಗಳು ಬೆರಳಿಗೆ ಎಟಕುವ ಜಾಗದಲ್ಲಿದ್ದವು. ಬೋಮ್ ಮೊದಲು ಧ್ವನಿಶಾಸ್ತ್ರ ಕೇಳುವ ಜಾಗದಲ್ಲಿ ರಂಧ್ರ ಕೊರೆದು, ಬೆರಳು ಅಲ್ಲಿಗೆ ತಲುಪುವ ಹೊಣೆಯನ್ನು ಯಂತ್ರಕ್ಕೆ ವಹಿಸಿದ. 1832ರ ಮಾದರಿಯಲ್ಲಿ ಒಂದು ರಂಧ್ರವನ್ನು ಮುಚ್ಚುವ ಬೆರಳೇ ಅದರ ಸುತ್ತಲಿನ ಉಂಗುರವನ್ನೂ ಒತ್ತುತ್ತದೆ. ಉಂಗುರ ಉದ್ದನೆಯ ಕಡ್ಡಿಯೊಂದನ್ನು ತಿರುಗಿಸಿ ದೂರದ ಇನ್ನೊಂದು ರಂಧ್ರವನ್ನು ಮುಚ್ಚುತ್ತದೆ. 1847ರಲ್ಲಿ ಅವನು ಒಳಕೊಳವೆಯನ್ನೇ ತಿರುವುಮುರುವು ಮಾಡಿದ. ಹಳೆಯ ಕೊಳಲಿನಲ್ಲಿ ತಲೆಭಾಗ ನೇರವಾಗಿದ್ದು ಮೈ ತುದಿಯತ್ತ ಕಿರಿದಾಗುತ್ತಿತ್ತು. ಹೊಸದರಲ್ಲಿ ಮೈ ಸುಮಾರು 19 ಮಿಲಿಮೀಟರ್ ವ್ಯಾಸದ ನೇರ ಕೊಳವೆಯಾಯಿತು, ತಲೆಭಾಗ ತನ್ನ ಕೊನೆಯನ್ನು ಮುಚ್ಚುವ ಬಿರಡೆಯತ್ತ ಕಿರಿದಾಯಿತು. ಬೆರಳತುದಿಯಿಂದ ಮುಚ್ಚಲಾಗದಷ್ಟು ದೊಡ್ಡದಾದ ರಂಧ್ರಗಳಿಗೆ ಮೆತ್ತೆಯಿರುವ ಮುಚ್ಚಳಗಳು ಬಂದವು.

ಇದಾದ ಮೇಲೆ ಎಲ್ಲ ಸ್ವರಗಳೂ ಸಮಬಲದವಾದವು. ಆ ಸಮತೆಯನ್ನೇ ಜರ್ಮನಿಯ ಪ್ರಸಿದ್ಧ ವಾದಕ ಆಂಟನ್ ಬರ್ನ್‌ಹಾರ್ಡ್ ಫ್ಯೂರ್‌ಸ್ಟೆನೌ ಒಪ್ಪಲಿಲ್ಲ. ಅವನದು ಹಟಮಾರಿತನವೆಂದು ತಳ್ಳಿಹಾಕುವವರು ಹಳೆಯ ಕೊಳಲನ್ನು ಗಮನವಿಟ್ಟು ಕೇಳಿಲ್ಲವೆಂದೇ ನನ್ನ ಅನಿಸಿಕೆ. ಹೊಸ ವಾದ್ಯಕ್ಕೆ ನಿಜವಾದ ನೆಲೆ ದೊರೆತದ್ದು ಫ್ರಾನ್ಸಿನಲ್ಲಿ. 1860ರಲ್ಲಿ ಲೂಯಿ ಡೋರುಸ್ ಪ್ರಾಧ್ಯಾಪಕನಾದಾಗ ಸಂಗೀತ ವಿದ್ಯಾಲಯವಾದ ಪ್ಯಾರಿಸ್ ಕನ್ಸರ್ವೇಟರಿ ಬೋಮ್ ಕೊಳಲನ್ನು ಅಂಗೀಕರಿಸಿತು. ಕೊಳಲು ತಯಾರಕ ಲೂಯಿ ಲೋನ ಬೆಳ್ಳಿಯ ಕೊಳಲುಗಳೂ ಕೊಳಲುವಾದಕ ಪಾಲ್ ತಫನೆಲ್‌ನ ಶಿಷ್ಯಪರಂಪರೆಯೂ ಅಲ್ಲಿಂದ ಬೆಳೆದವು.

ಆದರೂ ಬೋಮ್‌ನ ಸಮತೆ ನೂರಕ್ಕೆ ನೂರಲ್ಲ. ಫ್ರೆಂಚ್ ರಚನಕಾರ ಡೆಬ್ಯುಸಿಯ 1894ರ ವಾದ್ಯವೃಂದ ಕೃತಿ ‘ಫಾನ್’ ಪ್ರಿಲ್ಯೂಡ್ ಆರಂಭವಾಗುವುದು ಒಂಟಿ ಕೊಳಲಿನ ಸಿ ಶಾರ್ಪ್‌ನಿಂದ. ಬಹುತೇಕ ಎಲ್ಲ ರಂಧ್ರಗಳೂ ತೆರೆದಿರುವಾಗ ಹೊರಡುವ ಈ ಸ್ವರ ಆಧುನಿಕ ಕೊಳಲಿನಲ್ಲಿ ತೀರ ಸಡಿಲವಾದದ್ದು, ಪೂರ್ತಿಯಾಗಿ ತುಟಿಯ ಹಿಡಿತವನ್ನೇ ನೆಚ್ಚಿಕೊಂಡದ್ದು. ಆ ಅನಿಶ್ಚಯ ಕಳೆದರೆ ಕೃತಿಯ ಸೊಗಸೂ ಕಳೆಯುತ್ತದೆ. ಮುಂದೆ 1936ರಲ್ಲಿ ರಚನಕಾರ ವರೇಸ್, ಕೊಳಲುವಾದಕ ಜಾರ್ಜ್ ಬರೇರ್‌ನ ಪ್ಲಾಟಿನಂ ಕೊಳಲಿಗಾಗಿ ‘ಡೆನ್ಸಿಟಿ 21.5’ ಬರೆದಾಗ, ಕೀಲಿಗಳನ್ನು ಒತ್ತುವ ಟಕಟಕ ಸದ್ದನ್ನೂ ಸಂಗೀತದೊಳಕ್ಕೆ ಸೇರಿಸಿಕೊಂಡ.

ಬಾಖ್ ಒಂಟಿ ಕೊಳಲಿಗಾಗಿ ಬರೆದ ಎ ಮೈನರ್ ಪಾರ್ಟಿಟಾವನ್ನು ಕೇಳಬೇಕೆಂದಾಗ ನಾನು ಬಾರ್ಟೋಲ್ಡ್ ಕೌಕೆನ್ ಅವರಂತೆ ಒಂದೇ ಕೀಲಿಯ ಕೊಳಲು ಹಿಡಿದವರನ್ನೇ ಆರಿಸಿಕೊಳ್ಳುತ್ತೇನೆ. ಮೊದಲ ಭಾಗದ ಕೊನೆಯಲ್ಲಿ ತಾರಸ್ಥಾಯಿಯ ಎ ಸ್ವರಕ್ಕೆ ಏರುವುದು ಆ ವಾದ್ಯದಲ್ಲಿ ನಿಜವಾಗಿಯೂ ಕಷ್ಟದ ಕೆಲಸ, ಬೋಮ್ ಕೊಳಲಿನಲ್ಲಿ ಅಷ್ಟು ಕಷ್ಟವೆನಿಸುವುದಿಲ್ಲ. ಡೆಬ್ಯುಸಿಗೆ ಲೋಹದ ಕೊಳಲೇ ಬೇಕು. ಮೊಜಾರ್ಟ್‌ನ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಇನ್ನೂ ಒಂದು ಕಡೆ ನಿಂತಿಲ್ಲ. ಬೋಮ್ ಯಂತ್ರವನ್ನು ಮರದ ಮೈಗೆ ಕೂರಿಸಿದ ಕೊಳಲನ್ನು ಈಗ ಕೆಲವರು ವಾದ್ಯವೃಂದಗಳಲ್ಲಿಯೂ ನುಡಿಸುತ್ತಿದ್ದಾರೆ, ಸದ್ಯಕ್ಕೆ ನನ್ನ ಒಲವು ಅತ್ತ ಇದೆ.