ಥಂಡರ್‌ಬೋಲ್ಟ್‌ನ ಬಿಳಿ ಪಟ್ಟಿಗಳು: ಎಂಟನೇ ವಾರದವರೆಗಿನ ಕೆಲಸ

ಯಲಹಂಕದಲ್ಲಿ ವಿಮಾನದ ಸದ್ದಿಗೆ ಯಾರೂ ತಲೆ ಎತ್ತುವುದಿಲ್ಲ. ಏರೋ ಇಂಡಿಯಾ ಬಂದಾಗ ಮಾತ್ರ ಮಹಡಿಗಳು ತುಂಬುತ್ತವೆ. ಅದೇ ರನ್‌ವೇ ಕಡೆ 1944ರ ಮಳೆಗಾಲದಲ್ಲಿ ದಿನವಿಡೀ ಇಳಿದು ಏರುತ್ತಿದ್ದದ್ದು ಅಮೆರಿಕದಲ್ಲಿ ತಯಾರಾದ ಯುದ್ಧವಿಮಾನಗಳಾದ ರಿಪಬ್ಲಿಕ್ ಥಂಡರ್‌ಬೋಲ್ಟ್‌ಗಳು. ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹರಿಕೇನ್ ಹಾರಿಸುತ್ತಿದ್ದ ಬ್ರಿಟಿಷ್ ಪೈಲಟ್‌ಗಳು ಈ ಹೊಸ ವಿಮಾನವನ್ನು ಕಲಿತದ್ದು ಇಲ್ಲಿ. 30, 79, 146 ಮತ್ತು 261ನೇ ಸ್ಕ್ವಾಡ್ರನ್‌ಗಳು ಇಲ್ಲಿಗೆ ಬಂದು ಹೋದವು. ಥಂಡರ್‌ಬೋಲ್ಟ್ ಕಲಿಸುವುದಕ್ಕೆಂದೇ 1670ನೇ ಕನ್ವರ್ಷನ್ ಯೂನಿಟ್ ಇಲ್ಲಿತ್ತು. ಇದೇ ಊರಿನಲ್ಲಿ ಇಷ್ಟು ವರ್ಷ ಕೂತು ಮಾಡೆಲ್ ಕಟ್ಟಿದರೂ ಈ ವಿಮಾನವನ್ನು ಕಟ್ಟಿರಲಿಲ್ಲ. ಎರಡು ತಿಂಗಳ ಹಿಂದೆ 1/48 ಅಳತೆಯ ಕಿಟ್ ತಂದೆ. ಇದು ಇಲ್ಲಿಯವರೆಗಿನ ಲೆಕ್ಕ.

ಮೊದಲ ಮೂರು ವಾರ ಅಂಟು ಮುಟ್ಟಲಿಲ್ಲ. ಯಾವ ವಿಮಾನ ಎಂದು ಗೊತ್ತಾಗದೆ ಯಾವ ಬಣ್ಣ ಎಂದು ಕೇಳಿ ಪ್ರಯೋಜನವಿಲ್ಲ. ಆರಿಸಿಕೊಂಡದ್ದು 135ನೇ ಸ್ಕ್ವಾಡ್ರನ್‌ನ ಎಚ್‌ಬಿ 975, ಮೈಮೇಲಿನ ಅಕ್ಷರಗಳು ಡಬ್ಲ್ಯುಕೆ-ಎಲ್ (ಡಬ್ಲ್ಯುಕೆ ಸ್ಕ್ವಾಡ್ರನ್ನಿನ ಗುರುತು, ಎಲ್ ಆ ವಿಮಾನದ್ದು). ಚಿತ್ತಗಾಂಗ್‌ನಲ್ಲಿ ನೆಲದ ಮೇಲೆ ನಿಂತಿರುವ ಇದರ ಫೋಟೋ ಉಳಿದಿದೆ, ಅದೇ ಆಧಾರ. ಆ ನಂಬರ್ ಒಂದೇ ಎಷ್ಟೋ ವಿಷಯ ಹೇಳುತ್ತದೆ. ಬ್ರಿಟಿಷರಿಗೆ ಬಂದ ಥಂಡರ್‌ಬೋಲ್ಟ್ 830. ಮೊದಲ 240 ಮಾರ್ಕ್ 1: ಎಫ್‌ಎಲ್ 731ರಿಂದ 850, ಆಮೇಲೆ ಎಚ್‌ಬಿ 962ರಿಂದ ಎಚ್‌ಡಿ 181. ಇವು ಬೆನ್ನು ಚೂಪಾಗಿ ಏರುವ ರೇಜರ್‌ಬ್ಯಾಕ್‌ಗಳು. ಎಚ್‌ಡಿ 182ರಿಂದ ಮುಂದಿನ 590 ಮಾರ್ಕ್ 2, ಗಾಜಿನ ಗುಳ್ಳೆಯಂಥ ಮುಚ್ಚಳದವು. ಅಂದರೆ ಪಕ್ಕಪಕ್ಕದ ಎರಡು ನಂಬರ್, ಎಚ್‌ಡಿ 181 ಮತ್ತು 182, ನೋಡಲು ಬೇರೆಬೇರೆ ವಿಮಾನಗಳು. ನಂಬರ್ ನೋಡದೆ ಡಿಕಾಲ್ (ಗುರುತುಗಳ ತೆಳು ಸ್ಟಿಕ್ಕರ್) ಅಂಟಿಸಿದ ಮಾಡೆಲ್‌ಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ, ಏಕೆಂದರೆ ತಿದ್ದಿಕೊಳ್ಳಲು ಐದು ನಿಮಿಷ ಸಾಕಿತ್ತು.

ಅಕ್ಷರಗಳೂ ಹಾಗೆಯೇ. 135ನೇ ಸ್ಕ್ವಾಡ್ರನ್ 1945ರ ಜೂನ್‌ನಲ್ಲಿ 615 ಎಂಬ ಹೊಸ ಸಂಖ್ಯೆ ಪಡೆಯಿತು. ಹಾಗಾಗಿ ಥಂಡರ್‌ಬೋಲ್ಟ್ ಮೇಲೆ ಡಬ್ಲ್ಯುಕೆ ಕಂಡರೆ ಆ ಫೋಟೋ ಅದಕ್ಕಿಂತ ಹಿಂದಿನದು. ಮಾರ್ಕ್ 1 ಎಂದರೆ ಅಮೆರಿಕನ್ನರ ಲೆಕ್ಕದಲ್ಲಿ ಡಿ-22 ಮಾದರಿ, ಅದಕ್ಕೆ ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್ ಪ್ರೊಪೆಲರ್. ಡಬ್ಬದಲ್ಲಿದ್ದ ಕರ್ಟಿಸ್ ಪ್ರೊಪೆಲರನ್ನು ಬೇರೆ ಡಬ್ಬಿಗೆ ಹಾಕಿ ಮುಚ್ಚಿಟ್ಟೆ.

ಮ್ಯೂಸಿಯಂ ವಿಮಾನವನ್ನು ನೋಡಿ ಬಣ್ಣ ಹಚ್ಚಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಬ್ರಿಟಿಷ್ ವಾಯುಪಡೆಯ, ಅಂದರೆ ಆರ್‌ಎಎಫ್ ಮ್ಯೂಸಿಯಂನಲ್ಲಿ 30ನೇ ಸ್ಕ್ವಾಡ್ರನ್‌ನ ಕೆಎಲ್ 216, ಆರ್‌ಎಸ್-ಎಲ್ ಎಂಬ ಗುರುತು ಹೊತ್ತ ಥಂಡರ್‌ಬೋಲ್ಟ್ ಇದೆ. ಅಸಲಿಗೆ ಆ ವಿಮಾನದ ಅಮೆರಿಕನ್ ನಂಬರ್ 45-49295. ಅದು ಯುಗೊಸ್ಲಾವಿಯಾದ ವಾಯುಪಡೆಯಲ್ಲಿದ್ದದ್ದು, ಬರ್ಮಾ ಕಂಡದ್ದಲ್ಲ. ಲೋಹದ ಕೆಲಸ, ಚಕ್ರದ ಗೂಡು, ಗನ್ನಿನ ಮುಚ್ಚಳ ಕಲಿಯಲು ಅದಕ್ಕಿಂತ ಒಳ್ಳೆಯ ಗುರು ಬೇಡ. ಬಣ್ಣಕ್ಕೆ ಮಾತ್ರ ಯುದ್ಧಕಾಲದ ಫೋಟೋವೇ ಸಾಕ್ಷಿ.

ಈಗ ಪಟ್ಟಿಗಳ ವಿಷಯ. ನನ್ನನ್ನು ಈ ಕೆಲಸಕ್ಕೆ ಎಳೆದದ್ದೇ ಅವು. ಆಗ್ನೇಯ ಏಷ್ಯಾದ ಬ್ರಿಟಿಷ್ ವಿಮಾನಗಳ ದುಂಡು ಗುರುತಾದ ರೌಂಡೆಲ್‌ನಲ್ಲಿ ಕೆಂಪು ಇರಲಿಲ್ಲ. ಜಪಾನಿನ ವಿಮಾನದ ಗುರುತೇ ಕೆಂಪು ಸೂರ್ಯ. ಕಾಡಿನ ಮೇಲೆ ಅರೆಗಳಿಗೆ ಕಂಡು ಮರೆಯಾಗುವ ವಿಮಾನದಲ್ಲಿ ಒಂದು ಚುಕ್ಕೆ ಕೆಂಪು ಕಂಡರೂ ನಮ್ಮವರೇ ಗುಂಡು ಹಾರಿಸಿಯಾರು. ಅದಕ್ಕೆ ಕೆಂಪನ್ನು ಅಳಿಸಿದರು. ಉಳಿದದ್ದು ಕಡುನೀಲಿಯ ಬಳೆ, ನಡುವೆ ತಿಳಿ ಬಣ್ಣ. ಆಗಿನ ಇಂಡಿಯನ್ ಏರ್‌ಫೋರ್ಸ್‌ನ ಹರಿಕೇನ್‌ಗಳೂ ಬರ್ಮಾದಲ್ಲಿ ಇದೇ ಕೆಂಪಿಲ್ಲದ ಗುರುತಿನಲ್ಲಿ ಹಾರಿದವು.

ಥಂಡರ್‌ಬೋಲ್ಟ್‌ಗೆ ಅಷ್ಟೂ ಸಾಲಲಿಲ್ಲ. ಹರಿಕೇನ್, ಸ್ಪಿಟ್‌ಫೈರ್‌ಗಳ ಮೂತಿ ಚೂಪು. ಥಂಡರ್‌ಬೋಲ್ಟ್‌ನ ಮೂತಿಯಲ್ಲಿ 18 ಸಿಲಿಂಡರಿನ ಪ್ರಾಟ್ ಅಂಡ್ ವಿಟ್ನಿ ರೇಡಿಯಲ್ ಎಂಜಿನ್ ಇದ್ದು, ಎದುರಿನಿಂದ ಮಡಕೆಯ ಬಾಯಿಯಂತೆ ದುಂಡಗೆ ಕಾಣುತ್ತದೆ. ಜಪಾನಿನ ನಕಜಿಮ ಹಯಬುಸ ವಿಮಾನದ ಮೂತಿಯೂ ದುಂಡಗೆ. ದೂರದಿಂದ ತಪ್ಪು ತಿಳಿಯಲು ಇಷ್ಟು ಸಾಕು. ಅದಕ್ಕೇ ಮೂತಿಗೆ 17 ಇಂಚಿನ ಬಿಳಿ ಪಟ್ಟಿ, ಎರಡೂ ರೆಕ್ಕೆಗೆ 28 ಇಂಚು, ಬಾಲದ ನಿಂತ ರೆಕ್ಕೆಗೂ ಅಡ್ಡ ರೆಕ್ಕೆಗಳಿಗೂ 18 ಇಂಚು. ಬಣ್ಣವಿಲ್ಲದ ಬೆಳ್ಳಿ ಮೈಯ ಮಾರ್ಕ್ 2ಗಳು ಬಂದಾಗ ಬಿಳಿ ಕಾಣದೆಂದು ಪಟ್ಟಿಗಳು ಕಡುನೀಲಿಯಾದವು. ಶತ್ರುವಿನಿಂದ ಅಡಗಲು ಹಸಿರು, ಬೂದು ಬಣ್ಣ ಬಳಿದ ವಿಮಾನಕ್ಕೆ ಅದರ ಮೇಲೇ ಎದ್ದು ಕಾಣುವ ಬಿಳಿ ಪಟ್ಟಿ ಸುತ್ತಿದ್ದಾರೆ. ಅಡಗುವುದಕ್ಕಿಂತ ತಮ್ಮವರ ಗುಂಡಿನಿಂದ ಉಳಿಯುವುದು ದೊಡ್ಡದಾಗಿತ್ತು ಎಂದು ನಾನು ಓದಿಕೊಂಡಿದ್ದೇನೆ. ಪೈಲಟ್‌ಗಳ ಜೀವದ ಲೆಕ್ಕ ಆ ಪಟ್ಟಿಗಳಲ್ಲಿದೆ. ಅವನ್ನು ಅಂದಾಜಿನಲ್ಲಿ ಬಳಿಯಲು ಮನಸ್ಸು ಒಪ್ಪಲಿಲ್ಲ.

ನನ್ನ ಅಳತೆಗೆ ಇಳಿಸಿದರೆ ಮೂತಿಗೆ 9 ಮಿಲಿಮೀಟರ್, ರೆಕ್ಕೆಗೆ 14.8, ಬಾಲಕ್ಕೆ 9.5. ನಿಜವಾದ ವಿಮಾನದಲ್ಲಿ ಪಟ್ಟಿ ಬಿದ್ದದ್ದು ಕೊನೆಯಲ್ಲಿ. ನಾನೂ ಹಾಗೆಯೇ ಮಾಡಿದೆ, ಐದನೇ ವಾರದಲ್ಲಿ. ಹಸಿರಿನ ಮೇಲೆ ಬಿಳಿ ಕೂರಲು ನಾಲ್ಕು ಕೋಟ್ ಬೇಕಾಯಿತು. ಟೇಪ್ ಕಿತ್ತಾಗ ಅಂಚಿನಲ್ಲಿ ಬೆರಳಿಗೆ ತಗಲುವಷ್ಟು ಗೋಡೆ ಎದ್ದಿತ್ತು, ಎಡ ರೆಕ್ಕೆಯಲ್ಲಿ ಹಸಿರೂ ಟೇಪಿನ ಜೊತೆ ಬಂತು. ಪೂರ್ತಿ ತೊಳೆದು ಮತ್ತೆ ಶುರು ಮಾಡಿದೆ. ಈ ಸಲ ಬೂದು ಪ್ರೈಮರ್, ಅದರ ಮೇಲೆ ಬಿಳಿ, ಒಂದು ರಾತ್ರಿ ಒಣಗಲು ಬಿಟ್ಟು 14.8ಕ್ಕೆ ಕತ್ತರಿಸಿದ ಟೇಪ್, ಆಮೇಲೆ ಮಿಕ್ಕ ಬಣ್ಣ. ಟೇಪಿನ ಅಂಚಿಗೆ ಮೊದಲು ಇನ್ನೊಂದು ಸಲ ಬಿಳಿಯನ್ನೇ ಊದಿದೆ. ಸಂದಿಯಲ್ಲಿ ನುಗ್ಗುವುದಾದರೆ ಬಿಳಿಯೇ ನುಗ್ಗಿ ಸಂದಿ ಮುಚ್ಚುತ್ತದೆ, ಹಸಿರು ಒಳಗೆ ಹೋಗುವುದಿಲ್ಲ. ಅಂಚು ದಾರ ಎಳೆದಂತೆ ಬಂತು.

ಮಿಕ್ಕ ಬಣ್ಣಕ್ಕೆ ಆರ್‌ಎಎಫ್‌ನ ಹಗಲು ಫೈಟರ್ ಕ್ರಮವನ್ನೇ ಹಿಡಿದೆ: ಮೇಲೆ ಡಾರ್ಕ್ ಗ್ರೀನ್ ಮತ್ತು ಓಷನ್ ಗ್ರೇ, ಕೆಳಗೆ ಮೀಡಿಯಂ ಸೀ ಗ್ರೇ.

ಆರನೇ ವಾರ ಗನ್ನುಗಳದ್ದು. ಒಂದೊಂದು ರೆಕ್ಕೆಯಲ್ಲಿ ನಾಲ್ಕರಂತೆ ಎಂಟು ಬ್ರೌನಿಂಗ್ ಮೆಷಿನ್ ಗನ್, ಅರ್ಧ ಇಂಚಿನವು. ಗನ್ನಿಗೆ 425 ಗುಂಡು ತುಂಬಿದರೆ ಒಟ್ಟು 3,400. ನಿಮಿಷಕ್ಕೆ ಸುಮಾರು 800ರ ವೇಗದಲ್ಲಿ ಎಂಟೂ ಒಟ್ಟಿಗೆ ಹಾರಿಸಿದರೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಗುಂಡು, ಅರ್ಧ ನಿಮಿಷಕ್ಕೆಲ್ಲ ಎಲ್ಲ ಖಾಲಿ. ಕಿಟ್‌ನ ಪ್ಲಾಸ್ಟಿಕ್ ನಳಿಗೆಗಳು ಬೆಂಕಿಕಡ್ಡಿಯಂತಿದ್ದವು. ಮೆಡಿಕಲ್ ಶಾಪಿನಿಂದ ಹಸಿರು ತಲೆಯ 21 ಗೇಜ್ ಇಂಜೆಕ್ಷನ್ ಸೂಜಿ ತಂದೆ. ಅದರ ಹೊರಗಿನ ದಪ್ಪ 0.8 ಮಿಲಿಮೀಟರ್, ಒಳಗೆ ನಿಜವಾದ ತೂತು. ಅರದಲ್ಲಿ ಉಜ್ಜಿ ಮುರಿದು, ಬಾಯಿ ಸಮ ಮಾಡಿ ಎಂಟು ತುಂಡು ಇಟ್ಟುಕೊಂಡೆ.

ಸೂಜಿಗಳನ್ನು ರೆಕ್ಕೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಚುಚ್ಚಿಟ್ಟಿದ್ದೆ. ಎದುರು ಮನೆಯ ರಾಯರು, ವಾಯುಪಡೆಯಲ್ಲಿ ಆರ್ಮಮೆಂಟ್ ಕೆಲಸ ಮಾಡಿ ನಿವೃತ್ತರಾದವರು, ಕಾಫಿ ಲೋಟ ಹಿಡಿದೇ ಬಗ್ಗಿ ನೋಡಿದರು.

“ಏನಪ್ಪಾ, ನಾಲ್ಕನ್ನೂ ಒಂದೇ ಸಮ ಇಟ್ಟಿದ್ದೀಯಲ್ಲ. ಗುಂಡಿನ ಬೆಲ್ಟ್ ಎಲ್ಲಿಂದ ಬರತ್ತೆ?”

“ರೆಕ್ಕೆ ತುದಿ ಕಡೆಯಿಂದ, ರಾಯರೇ. ನಾಲ್ಕು ಪೆಟ್ಟಿಗೆ ಹಿಂದೆ ಮುಂದೆ ಸಾಲಾಗಿದೆ.”

“ಹಾಗಿದ್ರೆ ಗನ್ನೂ ಹಿಂದೆ ಮುಂದೆ ಇರಬೇಕಲ್ಲವಾ? ಇಲ್ಲಾಂದ್ರೆ ಒಂದರ ಬೆಲ್ಟು ಇನ್ನೊಂದಕ್ಕೆ ಅಡ್ಡ ಬರತ್ತೆ.”

ಫೋಟೋ ತೆಗೆದು ನೋಡಿದರೆ ಅವರು ಹೇಳಿದ್ದೇ ಸರಿ. ಒಳಗಿನ ನಳಿಗೆ ಹೆಚ್ಚು ಚಾಚಿದೆ, ಹೊರಕ್ಕೆ ಹೋದಂತೆ ಒಂದೊಂದೇ ಮೆಟ್ಟಿಲು ಹಿಂದೆ ಸರಿದಿವೆ. ಇನ್ನೊಂದು ಸೂಕ್ಷ್ಮ ಎದುರಿನಿಂದ ಮಾತ್ರ ಕಾಣುತ್ತದೆ. ರೆಕ್ಕೆ ತುದಿಯ ಕಡೆಗೆ ಮೇಲೇರುತ್ತದೆ, ಆದರೆ ಗನ್ನುಗಳ ಸಾಲು ಏರುವುದಿಲ್ಲ, ನೆಲಕ್ಕೆ ಸಮನಾಗಿ ನಿಂತಿದೆ. ಹಾಗಾಗಿ ಹೊರಗಿನ ನಳಿಗೆ ರೆಕ್ಕೆಯ ಅಂಚಿನ ಕೆಳಭಾಗದಿಂದ ಹೊರಬರುತ್ತದೆ. ಹಳೆಯ ತೂತುಗಳನ್ನು ಪುಟ್ಟಿ ಹಾಕಿ ಮುಚ್ಚಿ, ಉಕ್ಕಿನ ಸ್ಕೇಲನ್ನು ಎರಡು ರಬ್ಬರ್ ತುಂಡಿನ ಮೇಲೆ ಮೇಜಿಗೆ ಸಮನಾಗಿಟ್ಟು, ಅದರ ಗೆರೆಗೆ ಎಂಟೂ ತೂತು ಕೊರೆದೆ. ಒಂದು ಸಂಜೆ ಪೂರ್ತಿ ಹಿಡಿಯಿತು. ಈಗ ಎದುರಿನಿಂದ ನೋಡಿದರೆ ಮಾಡೆಲ್‌ಗೆ ಥಂಡರ್‌ಬೋಲ್ಟ್‌ನ ಮುಖ ಬಂದಿದೆ. ರಾಯರು ಕನ್ನಡಕ ಏರಿಸಿ ನೋಡಿ, “ಈಗ ಸರಿ” ಅಂದರು.

ರೆಕ್ಕೆಯಡಿಗೆ ಎರಡು 500 ಪೌಂಡ್ ಬಾಂಬು. ಇದೇ ಈ ವಿಮಾನದ ಮುಖ್ಯ ದುಡಿಮೆ. ಮುಂಚೂಣಿಯ ಹತ್ತಿರ ಗಾಳಿಯಲ್ಲಿ ಸುತ್ತುತ್ತ ಕಾಯುವುದು, ನೆಲದ ಮೇಲೆ ರೇಡಿಯೊ ಹಿಡಿದು ಕೂತವನು ಗುರಿ ಹೇಳಿದೊಡನೆ ಎರಗುವುದು. ಸರದಿಗೆ ಕಾಯುವ ಟ್ಯಾಕ್ಸಿಗಳ ಹಾಗೆ ಎಂದು ಇದಕ್ಕೆ ಕ್ಯಾಬ್ ರ್‍ಯಾಂಕ್ ಎಂದೇ ಹೆಸರಿಟ್ಟಿದ್ದರು. 1945ರ ಮಾರ್ಚ್ 20ರಂದು ಬರ್ಮಾದ ಮ್ಯಾಂಡಲೆಯ ಕೋಟೆ ಬ್ರಿಟಿಷರ ಕೈಸೇರುವ ಮೊದಲು ಅದರ ಮೇಲೆ ಬಾಂಬು ಹಾಕಿದವುಗಳಲ್ಲಿ ಥಂಡರ್‌ಬೋಲ್ಟ್‌ಗಳೂ ಇದ್ದವು. ಬಾಂಬುಗಳಿಗೆ ಮಾಸಿದ ಹಸಿರು ಬಳಿದಾಗಿದೆ, ಅವುಗಳ ಬಾಲದ ರೆಕ್ಕೆಗಳ ಅಂಚು ಪ್ಲಾಸ್ಟಿಕ್‌ನಲ್ಲಿ ದಪ್ಪವಾಗಿದ್ದರಿಂದ ಉಜ್ಜಿ ತೆಳುವು ಮಾಡಿದೆ.

ಈ ವಾರ ಅಕ್ಷರಗಳು. ಡಿಕಾಲ್ ಬಿಟ್ಟು ಟೇಪಿನಲ್ಲಿ ಅಕ್ಷರ ಕತ್ತರಿಸಿ ಬಣ್ಣವನ್ನೇ ಊದುತ್ತಿದ್ದೇನೆ. ಆಗಿನ ಗ್ರೌಂಡ್ ಕ್ರ್ಯೂ ಕೈಯಲ್ಲಿ ಬರೆದ ಅಕ್ಷರಕ್ಕೆ ಅದೇ ಹತ್ತಿರ. ಬಲ ಮಗ್ಗುಲಿನ ಡಬ್ಲ್ಯು ಮತ್ತು ಕೆ ಮುಗಿದಿವೆ, ಟೇಪ್ ತೆಗೆದಿದ್ದೇನೆ, ಅಂಚು ಸ್ವಚ್ಛವಾಗಿದೆ. ಎಲ್ ಅಕ್ಷರದ ಟೇಪ್ ಕತ್ತರಿಸಿ ಗಾಜಿನ ಮೇಲೆ ಅಂಟಿಸಿಟ್ಟಿದ್ದೇನೆ. ನಾಳೆ ಬೆಳಗ್ಗೆ ಕರೆಂಟ್ ಇದ್ದರೆ ಕಂಪ್ರೆಸರ್ ಹಾಕಿ ಅದನ್ನೂ ಮುಗಿಸುತ್ತೇನೆ.