‘ಮೂಟ್ ಪಾಯಿಂಟ್’ ಅಂತ ಬರೆದೆ, ಚರ್ಚೆಯೇ ಮುಗಿದುಹೋಯಿತು

ಟೀಮಿನ ಕೆಲಸಗಳ ಪಟ್ಟಿ ಇರುವ ಟ್ರ್ಯಾಕರ್‌ನಲ್ಲಿ ಹದಿನಾಲ್ಕನೇ ಸಾಲು ಹಸಿರಾಗಿತ್ತು, ಅಂದರೆ ಕ್ಲೋಸ್ ಆಗಿತ್ತು. ಹಸಿರಾಗಬಾರದ ಸಾಲು ಅದು.

ಹಳೇ ಡೇಟಾವನ್ನು ಹೊಸ ಸಿಸ್ಟಮ್‌ಗೆ ತರಬೇಕಾ, ಬೇಡ್ವಾ ಅಂತ ಮೂರು ವಾರದಿಂದ ಟೀಮಿನಲ್ಲಿ ಜಗ್ಗಾಟ ನಡೆದಿತ್ತು. ಮೀಟಿಂಗಿನ ಮಿನಿಟ್ಸ್ ಬರೆಯುವವಳು ನಾನು. ಆ ಸಾಲಿನ ಎದುರು ‘ಮೂಟ್ ಪಾಯಿಂಟ್’ ಅಂತ ಬರೆದಿದ್ದೆ. ವಾದ ಇನ್ನೂ ಇದೆ, ತೀರ್ಮಾನ ಆಗಿಲ್ಲ ಅನ್ನೋ ಅರ್ಥದಲ್ಲಿ. ಅಮೆರಿಕದ ಕ್ಲೈಂಟ್‌ಗೆ ಅರ್ಥವಾಗಿದ್ದು, ಇನ್ನು ಮಾತಾಡಿ ಪ್ರಯೋಜನವಿಲ್ಲ ಅಂತ. ಕ್ಲೋಸ್ ಮಾಡಿದರು. ಆ ಕೆಲಸ ಪ್ಲಾನ್‌ನಿಂದಲೇ ಹೋಯಿತು.

“ಇದನ್ನ ಯಾರು ಕ್ಲೋಸ್ ಮಾಡಿದ್ದು?” ಅಂತ ಕಾಲ್‌ನಲ್ಲಿ ನಮ್ಮ ಲೀಡ್ ಕೇಳಿದರು. ನಿಮ್ಮ ಮಿನಿಟ್ಸ್‌ನಲ್ಲೇ ಇದೆಯಲ್ಲ ಅಂತ ಆ ಕಡೆಯಿಂದ ಉತ್ತರ ಬಂತು. ಸ್ಕ್ರೀನ್ ಶೇರ್ ಆಯಿತು. ನಾನು ಬರೆದ ಸಾಲಿನ ಮೇಲೆ ಕರ್ಸರ್ ಬಂದು ನಿಂತಿತು. ಯಾರೂ ಮಾತಾಡಲಿಲ್ಲ.

ಆಮೇಲೆ ನಾನು ಮಾಡಿದ್ದು ಇವತ್ತಿಗೂ ಚುಚ್ಚುತ್ತದೆ. ಡಿಕ್ಷನರಿ ತೆರೆದು, ‘ವಾದಕ್ಕೆ ಅವಕಾಶವಿರುವ ವಿಷಯ’ ಅನ್ನುವ ಮೊದಲ ಅರ್ಥವನ್ನು ಎಲ್ಲರಿಗೂ ಓದಿ ಹೇಳಿದೆ. ಅದರ ಕೆಳಗೇ ಅಮೆರಿಕದವರ ಅರ್ಥವೂ ಇತ್ತು. ಅಲ್ಲಿಗೆ ಕಣ್ಣು ಹಾಯಿಸಲೇ ಇಲ್ಲ.

ಎರಡೂ ಅರ್ಥ ಒಂದೇ ಬೇರಿನಿಂದ ಬಂದಿವೆ. ಹಳೇ ಇಂಗ್ಲಿಷಿನಲ್ಲಿ ‘ಮೂಟ್’ ಪದಕ್ಕೆ ಸಭೆ ಅಂತ ಅರ್ಥ. ಮುಂದೆ ಕಾನೂನು ಕಲಿಯುವವರು ಅಭ್ಯಾಸಕ್ಕೆ ಅಂತ ವಾದಿಸುವ ಕಲ್ಪಿತ ಮೊಕದ್ದಮೆಗೂ ಅದೇ ಹೆಸರಾಯಿತು. ಅಲ್ಲಿ ವಾದ ಇರುತ್ತದೆ, ಆದರೆ ತೀರ್ಪಿನಿಂದ ಯಾರಿಗೂ ಏನೂ ಆಗುವುದಿಲ್ಲ. ಬ್ರಿಟನ್ನಿನವರು ವಾದವನ್ನು ಹಿಡಿದುಕೊಂಡರು, ಅಮೆರಿಕದವರು ‘ಏನೂ ಆಗುವುದಿಲ್ಲ’ ಅನ್ನುವುದನ್ನು. 1974ರಲ್ಲಿ ಡಿಫ್ಯೂನಿಸ್ ಅನ್ನುವ ವಿದ್ಯಾರ್ಥಿಯ ಪ್ರವೇಶದ ಮೊಕದ್ದಮೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ‘ಮೂಟ್’ ಅಂತಲೇ ಕೈಬಿಟ್ಟಿತು. ಅಷ್ಟರಲ್ಲಿ ಆತ ಓದಿನ ಕೊನೇ ಹಂತದಲ್ಲಿದ್ದ. ತೀರ್ಪು ಏನೇ ಬಂದರೂ ಓದು ಮುಗಿಯುತ್ತಿತ್ತು.

ಅದೇ ತಿಂಗಳು ಹೊಸದಾಗಿ ಸೇರಿದ ಹುಡುಗಿಯ ಡ್ರಾಫ್ಟ್‌ನಲ್ಲಿ ‘ಮ್ಯೂಟ್ ಪಾಯಿಂಟ್’ ಅಂತ ಇದ್ದದ್ದನ್ನು ನಾನೇ ತಿದ್ದಿದ್ದೆ. ಮ್ಯೂಟ್ ಕೂಡ ಸರಿಯಾದ ಪದವೇ ಅಲ್ವಾ, ಸ್ಪೆಲ್ ಚೆಕ್ ಸುಮ್ನೆ ಬಿಟ್ಟಿತ್ತು. ಕಾಗುಣಿತ ಹೇಳಿಕೊಟ್ಟೆ. ಓದುವವರು ಯಾರು ಅಂತ ಕೇಳಿಕೊಳ್ಳುವುದನ್ನು ಹೇಳಿಕೊಡಲಿಲ್ಲ.

ಟ್ರ್ಯಾಕರ್‌ನಲ್ಲಿ ಓಪನ್, ಕ್ಲೋಸ್ಡ್ ಎರಡೇ ಆಯ್ಕೆ. ಮೂರನೆಯದು ಬೇಕು ಅಂತ ಎರಡು ಸಲ ಕೇಳಿದ್ದೇನೆ, ಇನ್ನೂ ಬಂದಿಲ್ಲ. ಹದಿನಾಲ್ಕನೇ ಸಾಲು ಸದ್ಯ ಮತ್ತೆ ಓಪನ್ ಆಗಿದೆ. ಎದುರಿಗೆ ‘ನಾಟ್ ಡಿಸೈಡೆಡ್’ ಅಂತ ಬರೆದಿದ್ದೇನೆ. ಯಾರು ಬೇಕು ಅಂದರು, ಯಾರು ಬೇಡ ಅಂದರು ಅನ್ನುವುದನ್ನೂ ಕೆಳಗೇ ಸೇರಿಸಿದ್ದೇನೆ.